ಮಿದುಳು ಗಾಯಾಳುಗಳ ಆರೈಕೆದಾರರ ಮಾನಸಿಕ ಆರೋಗ್ಯ

ತಲೆಗೆ ಬಿದ್ದ ಪೆಟ್ಟಿನಿಂದಲೋ, ಆಮ್ಲಜನಕ ಸಿಗದೆಯೋ ಮಿದುಳಿಗೆ ಹಾನಿಯಾದವರನ್ನು ಮನೆಯಲ್ಲಿ ವರ್ಷಗಟ್ಟಲೆ ನೋಡಿಕೊಳ್ಳುವವರು ಹೆಚ್ಚಾಗಿ ಹೆಂಡತಿ, ತಾಯಿ, ಗಂಡ, ಒಡಹುಟ್ಟಿದವರು ಇಲ್ಲವೇ ಮಕ್ಕಳು. ಅವರ ಮನಸ್ಸಿನ ಮೇಲೆ ಬೀಳುವ ಭಾರ, ಆ ಭಾರದ ಕಾರಣಗಳು, ಅದನ್ನು ಇಳಿಸುವ ದಾರಿಗಳು ಈ ಲೇಖನದ ವಿಷಯ. ವೈದ್ಯಲೋಕ ಇದನ್ನು ಗಂಭೀರವಾಗಿ ಗಮನಿಸತೊಡಗಿ ಸುಮಾರು ಐವತ್ತು ವರ್ಷಗಳಾಗಿವೆ. ಈ ಅವಧಿಯ ಮುಖ್ಯ ಅಧ್ಯಯನಗಳು ಒಂದು ಸಂಗತಿಯನ್ನು ಮತ್ತೆ ಮತ್ತೆ ಎತ್ತಿ ತೋರಿಸಿವೆ. ಮನೆಯವರ ಸಂಕಟ ಐಸಿಯು ಬಾಗಿಲಲ್ಲಿ ಕಾಯುವ ದಿನಗಳೊಂದಿಗೆ ಮುಗಿಯುವುದಿಲ್ಲ, ಹಲವು ಮನೆಗಳಲ್ಲಿ ಅದು ವರ್ಷ ಕಳೆದಂತೆ ಏರುತ್ತದೆ. ಆದರೆ ನೆರವು ಹರಿದುಬರುವುದು ಮೊದಲ ವಾರಗಳಲ್ಲಿ ಮಾತ್ರ. ಡಿಸ್ಚಾರ್ಜ್ ಚೀಟಿ ಕೈಗೆ ಬಂದ ದಿನ ವೈದ್ಯರು, ದಾದಿಯರು, ನೋಡಲು ಬರುತ್ತಿದ್ದ ನೆಂಟರು ಎಲ್ಲರೂ ಒಟ್ಟಿಗೇ ದೂರವಾಗುತ್ತಾರೆ. ಮನೆಯವರ ನಿಜವಾದ ಕಷ್ಟ ಶುರುವಾಗುವುದು ಆ ದಿನದಿಂದ.

ಭಾರತದಲ್ಲಿ ಇಂಥ ಮನೆಗಳು ಕಡಿಮೆಯಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, 4,43,366 ಜನ ಗಾಯಗೊಂಡರು. ಸಾವಿನ ಸಂಖ್ಯೆ ಪತ್ರಿಕೆಗಳ ಮುಖಪುಟಕ್ಕೆ ಬರುತ್ತದೆ, ಗಾಯಗೊಂಡವರು ಆಮೇಲೆ ಏನಾದರು ಎಂದು ಕೇಳುವವರು ವಿರಳ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಜಿ. ಗುರುರಾಜ್ ಮತ್ತು ಅವರ ಸಂಗಡಿಗರು ನಡೆಸಿದ ಅಧ್ಯಯನಗಳ ಪ್ರಕಾರ ಮಿದುಳು ಗಾಯಗಳಲ್ಲಿ ಸುಮಾರು ಶೇ 60 ರಸ್ತೆ ಅಪಘಾತದಿಂದ ಆಗುತ್ತವೆ. ಶೇ 20ರಿಂದ 25 ಬಿದ್ದು, ಶೇ 10ರಷ್ಟು ಹೊಡೆದಾಟದಿಂದ. ಗಾಯಾಳುಗಳಲ್ಲಿ ಹೆಚ್ಚಿನವರು ದುಡಿಯುವ ವಯಸ್ಸಿನ ಗಂಡಸರು. ಮನೆಯ ಆದಾಯ ನಿಂತುಹೋಗುವುದೂ, ಇಪ್ಪತ್ತು ಮೂವತ್ತು ವರ್ಷದ ಆರೈಕೆ ಹೆಗಲೇರುವುದೂ ಒಂದೇ ದಿನ.

ಮನೆಯವರನ್ನು ಕೂರಿಸಿಕೊಂಡು ಕೇಳುವ ಕೆಲಸ ಗಟ್ಟಿಯಾಗಿ ನಡೆದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಇಂದು ಜಗತ್ತಿನೆಲ್ಲೆಡೆ ತುರ್ತು ಚಿಕಿತ್ಸಾ ಘಟಕಗಳಲ್ಲಿ ಬಳಸುವ ಗ್ಲಾಸ್ಗೋ ಕೋಮಾ ಮಾಪಕವನ್ನು ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್ 1974ರಲ್ಲಿ ಪ್ರಕಟಿಸಿದ್ದು ಅದೇ ಊರಿನಿಂದ. ತೀವ್ರ ನಿಗಾ ಚಿಕಿತ್ಸೆ ಸುಧಾರಿಸಿದಂತೆ, ಹಿಂದೆ ಸತ್ತೇಹೋಗುತ್ತಿದ್ದವರು ಬದುಕಿ ಮನೆಗೆ ಹೋಗತೊಡಗಿದರು. ಹೀಗೆ ಬದುಕಿದವರ ಮನೆ ಹೇಗಿದೆ ಎಂದು ನೀಲ್ ಬ್ರೂಕ್ಸ್ ಮತ್ತು ಜೊತೆಗಾರರು ಬೆನ್ನುಹತ್ತಿದರು. ಗಾಯವಾದ ಮೊದಲ ವರ್ಷದಲ್ಲಿ ನೋಡಿದ್ದ ಮನೆಗಳ ಪೈಕಿ 42 ಗಾಯಾಳುಗಳ ಹತ್ತಿರದ ಬಂಧುಗಳನ್ನು ಐದು ವರ್ಷದ ಮೇಲೆ ಮತ್ತೆ ಮಾತನಾಡಿಸಿದರು. 1986ರಲ್ಲಿ ಪ್ರಕಟವಾದ ಫಲಿತಾಂಶ, ಕಾಲವೇ ಎಲ್ಲವನ್ನೂ ಮಾಯಿಸುತ್ತದೆ ಎಂಬ ನಂಬಿಕೆಯನ್ನು ಅಲುಗಿಸಿತು. ಒಂದನೇ ವರ್ಷಕ್ಕಿಂತ ಐದನೇ ವರ್ಷದಲ್ಲಿ ಬಂಧುಗಳ ಮೇಲಿನ ಒತ್ತಡ ಸ್ಪಷ್ಟವಾಗಿ ಹೆಚ್ಚಿತ್ತು. ಯಾವ ಮನೆ ಹೆಚ್ಚು ಸೊರಗಿದೆ ಎಂದು ಎಲ್ಲಕ್ಕಿಂತ ಚೆನ್ನಾಗಿ ಸೂಚಿಸಿದ್ದು ಗಾಯಾಳುವಿನ ನಡವಳಿಕೆ ಮತ್ತು ಸ್ವಭಾವದಲ್ಲಿ ಆದ ಬದಲಾವಣೆ. ನಡೆಯಲು ಬರುತ್ತದೆಯೇ, ಕೈ ಆಡುತ್ತದೆಯೇ ಎಂಬ ಪ್ರಶ್ನೆಗಳಿಗೆ ಅಷ್ಟು ತೂಕ ಇರಲಿಲ್ಲ.

ನಿಮ್ಹಾನ್ಸ್‌ನ ಹೊರರೋಗಿ ವಿಭಾಗದಲ್ಲಾಗಲಿ, ಊರಿನ ಆಸ್ಪತ್ರೆಯಲ್ಲಾಗಲಿ ಮನೆಯವರು ಇದನ್ನೇ ಮೂರು ಪದಗಳಲ್ಲಿ ಹೇಳುತ್ತಾರೆ: “ಅವರು ಮೊದಲಿನ ಹಾಗಿಲ್ಲ.”

ಹಣೆಯ ಹಿಂದಿರುವ ಮಿದುಳಿನ ಭಾಗ ಸಿಟ್ಟಿಗೆ ಕಡಿವಾಣ ಹಾಕುತ್ತದೆ, ಮುಂದಿನದನ್ನು ಯೋಚಿಸುತ್ತದೆ, ಎದುರಿನವರ ಮನಸ್ಸನ್ನು ಅಳೆಯುತ್ತದೆ, ಕೆಲಸ ಶುರುಮಾಡುವ ಹುರುಪು ಕೊಡುತ್ತದೆ. ತಲೆ ಜೋರಾಗಿ ಕುಲುಕಿದಾಗ ತಲೆಬುರುಡೆಯ ಒರಟು ಒಳಮೈಗೆ ಉಜ್ಜಿ ಹೆಚ್ಚಾಗಿ ಪೆಟ್ಟು ತಿನ್ನುವುದೂ ಈ ಭಾಗವೇ. ಪರಿಣಾಮ ಮನೆಯ ನಡುಮನೆಯಲ್ಲಿ ಕಾಣುತ್ತದೆ. ಮಿತಭಾಷಿಯಾಗಿದ್ದವನು ಬಂದವರೆದುರು ಬೈಯುತ್ತಾನೆ. ಚುರುಕಾಗಿದ್ದವಳು ಬೆಳಗಿನಿಂದ ಸಂಜೆವರೆಗೆ ಗೋಡೆ ನೋಡುತ್ತ ಕೂರುತ್ತಾಳೆ, ಮನೆಯವರು ಅದನ್ನು ಸೋಮಾರಿತನ ಎಂದುಕೊಳ್ಳುತ್ತಾರೆ. ಕೇಳಿದ್ದನ್ನೇ ಹತ್ತು ಸಲ ಕೇಳುವುದು, ಕೈಗೆ ಸಿಕ್ಕ ದುಡ್ಡನ್ನು ಖರ್ಚು ಮಾಡುವುದು, ಹೆಂಡತಿಯ ಮೇಲೆ ಅನುಮಾನ ಪಡುವುದು ಇವೆಲ್ಲ ಗಾಯದ ಲಕ್ಷಣಗಳೇ ಆಗಿರಬಹುದು. ಇನ್ನೊಂದು ತೊಡಕು ಇದಕ್ಕಿಂತ ಕಷ್ಟದ್ದು. ತನ್ನಲ್ಲಿ ಏನೋ ಬದಲಾಗಿದೆ ಎಂಬ ಅರಿವೇ ಎಷ್ಟೋ ಗಾಯಾಳುಗಳಿಗೆ ಇರುವುದಿಲ್ಲ. ಆ ಅರಿವನ್ನು ಕೊಡಬೇಕಾದ ಭಾಗಕ್ಕೇ ಪೆಟ್ಟಾಗಿರುತ್ತದೆ. “ನನಗೇನಾಗಿದೆ? ನೀನೇ ಸರಿಯಿಲ್ಲ” ಎಂದು ದಿನವೂ ಕೇಳಿಸಿಕೊಳ್ಳುವ ಹೆಂಡತಿ ಕೊನೆಗೆ ತನ್ನ ಮೇಲೆಯೇ ಸಂಶಯಪಡುತ್ತಾಳೆ. ಹೊರಗಿನವರ ಕಣ್ಣಿಗೆ ಗಾಯಾಳು ಸರಿಯಾಗಿಯೇ ಕಾಣುತ್ತಾನೆ. ನಡೆಯುತ್ತಾನೆ, ಉಣ್ಣುತ್ತಾನೆ, ಬಂದವರೊಂದಿಗೆ ಕಾಲು ಗಂಟೆ ಚೆನ್ನಾಗಿಯೇ ಮಾತಾಡುತ್ತಾನೆ. “ಜೀವ ಉಳಿಯಿತಲ್ಲ, ಅಷ್ಟೇ ಸಾಕು ಬಿಡಮ್ಮ” ಎಂದು ಹೇಳಿ ಅವರು ಎದ್ದು ಹೋಗುತ್ತಾರೆ.

ಅಮೆರಿಕದ ನರಮನೋವಿಜ್ಞಾನಿ ಮ್ಯೂರಿಯಲ್ ಲೆಜಾಕ್ 1978ರಲ್ಲೇ ಈ ಮನೆಗಳ ಬಗ್ಗೆ ಬರೆದರು. ಮಿದುಳಿನ ಹಾನಿ ಒಬ್ಬರಿಗೆ ಆಗುವುದಲ್ಲ, ಅದು ಇಡೀ ಕುಟುಂಬದ ಸಂಗತಿ ಎಂಬುದು ಅವರ ಬರಹಗಳ ತಿರುಳು. ಗಂಡ ಬದುಕಿರುವುದರಿಂದ ಹೆಂಡತಿ ಅವನಿಗಾಗಿ ಲೋಕದೆದುರು ಅಳುವಂತಿಲ್ಲ, ಬಿಟ್ಟುಹೋಗಲು ಮನಸ್ಸಾಕ್ಷಿ ಒಪ್ಪುವುದಿಲ್ಲ, ಜೊತೆಗಿದ್ದರೂ ದಾಂಪತ್ಯವಿಲ್ಲ ಎಂಬ ಇಕ್ಕಟ್ಟನ್ನು ಅವರು ನೇರವಾಗಿ ಹೇಳಿದರು. ವಿಯೆಟ್ನಾಂ ಯುದ್ಧದಲ್ಲಿ ಕಣ್ಮರೆಯಾದ ಸೈನಿಕರ ಕುಟುಂಬಗಳನ್ನು 1970ರ ದಶಕದಲ್ಲಿ ಅಧ್ಯಯನ ಮಾಡಿದ ಪಾಲಿನ್ ಬಾಸ್ ಇಂಥ ನಷ್ಟಕ್ಕೆ ಒಂದು ಸಿದ್ಧಾಂತ ಕೊಟ್ಟರು. ದೇಹ ಸಿಗದೆ ಮನಸ್ಸಿನಲ್ಲಿ ಮಾತ್ರ ಉಳಿದವರು ಒಂದು ಬಗೆ. ದೇಹ ಕಣ್ಣೆದುರಿಗಿದ್ದು ಆ ಮನುಷ್ಯ ಇಲ್ಲದಿರುವುದು ಇನ್ನೊಂದು ಬಗೆ. ಎರಡರಲ್ಲೂ ತಿಥಿಯಿಲ್ಲ, ಸೂತಕವಿಲ್ಲ, ಇಲ್ಲಿಗೆ ಮುಗಿಯಿತು ಎನ್ನುವ ದಿನವಿಲ್ಲ. ಮಿದುಳು ಗಾಯಾಳುಗಳ ಮನೆಯವರು ಎರಡನೇ ಬಗೆಯ ದುಃಖದಲ್ಲಿರುತ್ತಾರೆ. ಅವರಿಗೆ ಬರುವ ಸಿಟ್ಟು, ನಾಚಿಕೆ, ‘ಅವತ್ತೇ ಹೋಗಿದ್ದರೆ ಚೆನ್ನಾಗಿತ್ತೇನೋ’ ಎಂಬ ಯೋಚನೆ, ಆ ಯೋಚನೆ ಬಂದದ್ದಕ್ಕೆ ಕಾಡುವ ಪಾಪಪ್ರಜ್ಞೆ ಇವು ಕೆಟ್ಟತನದ ಗುರುತುಗಳಲ್ಲ. ಈ ಸ್ಥಿತಿಯಲ್ಲಿ ಯಾರಿಗಾದರೂ ಬರಬಹುದಾದವು. ಇದಿಷ್ಟನ್ನು ಒಬ್ಬ ವೈದ್ಯರು ಬಾಯಿಬಿಟ್ಟು ಹೇಳಿದರೂ ಎದೆ ಅರ್ಧ ಹಗುರಾಗುತ್ತದೆ.

ತಾಯಿ ಮತ್ತು ಹೆಂಡತಿಯ ಪಾಡು ಒಂದೇ ಅಲ್ಲ. ಡೆನ್ಮಾರ್ಕಿನ ಇಂಗರ್ ವಿಬೆಕೆ ಥಾಮ್ಸನ್ ತೀವ್ರ ಗಾಯಾಳುಗಳನ್ನು ಹತ್ತು ಹದಿನೈದು ವರ್ಷ ಹಿಂಬಾಲಿಸಿ 1984ರಲ್ಲಿ ಈ ವ್ಯತ್ಯಾಸವನ್ನು ವರದಿ ಮಾಡಿದರು. ಮತ್ತೆ ಮಗುವಿನಂತಾದ ಮಗನನ್ನು ನೋಡಿಕೊಳ್ಳುವುದು ತಾಯಿಗೆ ಹಳೆಯ ಪಾತ್ರ. ಹೆಂಡತಿಗೆ ಗಂಡ ಮಗುವಾಗುವುದು ಹೊಸ ಪಾತ್ರ, ಅವಳು ಬಯಸಿ ಪಡೆದದ್ದಲ್ಲ. ಆದರೆ ತಾಯಿಗೆ ಬೇರೊಂದು ಭಯವಿದೆ: ತನ್ನ ಕಾಲಾನಂತರ ಇವನ ಗತಿಯೇನು?

ಭಾರತದಲ್ಲಿ ಈ ಕೆಲಸ ಯಾರ ಪಾಲಿಗೆ ಬೀಳುತ್ತದೆ ಎಂಬುದನ್ನು 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ತೋರಿಸುತ್ತದೆ. ಮನೆಯವರ ಆರೈಕೆಯಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 134 ನಿಮಿಷ ಕೊಟ್ಟರೆ ಗಂಡಸರು ಕೊಟ್ಟದ್ದು 76 ನಿಮಿಷ. ಇದು ಮಕ್ಕಳು ಮುದುಕರೆಲ್ಲರ ಆರೈಕೆಯೂ ಸೇರಿದ ಲೆಕ್ಕ. ತೀವ್ರ ಮಿದುಳು ಗಾಯಾಳು ಇರುವ ಮನೆಯಲ್ಲಿ ನಿಮಿಷದ ಲೆಕ್ಕಕ್ಕೆ ಅರ್ಥವೇ ಇರುವುದಿಲ್ಲ, ರಾತ್ರಿಯ ನಿದ್ದೆಯೂ ಕಾವಲೇ. ಅವಿಭಕ್ತ ಕುಟುಂಬದಲ್ಲಿ ಭಾರ ಹಂಚಿಹೋಗುತ್ತದೆ ಎಂಬ ಮಾತನ್ನು ಪೂರ್ತಿ ನಂಬುವಂತಿಲ್ಲ. ಮನೆ ತುಂಬ ಜನರಿದ್ದರೂ ಮೈ ಒರೆಸುವ, ಮಗ್ಗುಲು ತಿರುಗಿಸುವ, ಬೈಗುಳ ತಿನ್ನುವ ಕೆಲಸ ಒಬ್ಬ ಸೊಸೆಯ ಅಥವಾ ಒಬ್ಬ ತಾಯಿಯ ಪಾಲಿಗೇ ಉಳಿಯುವುದುಂಟು. ಉಳಿದವರು ಸಲಹೆ ಕೊಡುತ್ತಾರೆ. ಗಂಡಸು ಆರೈಕೆದಾರನಾದಾಗ ಕಷ್ಟ ಬೇರೆ ರೂಪದ್ದು. ಅವನು ಅಳುವುದಿಲ್ಲ, ಯಾರಲ್ಲೂ ಹೇಳಿಕೊಳ್ಳುವುದಿಲ್ಲ, ಕೆಲವೊಮ್ಮೆ ಕುಡಿತಕ್ಕೆ ಇಳಿಯುತ್ತಾನೆ.

ಆರೈಕೆದಾರರಲ್ಲಿ ಸಾಮಾನ್ಯವಾಗಿ ಕಾಣುವುದು ಖಿನ್ನತೆ ಮತ್ತು ಆತಂಕ. ನಮ್ಮಲ್ಲಿ ಅವು ಬರುವುದು ಎಷ್ಟೋ ಸಲ ದೇಹದ ದೂರಾಗಿ. ತಲೆನೋವು, ಸೊಂಟನೋವು, ಎದೆ ಡವಗುಟ್ಟುವುದು, ಊಟ ಸೇರದಿರುವುದು, ಎರಡು ಗಂಟೆಗೇ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು. ಸಣ್ಣದಕ್ಕೂ ಮಕ್ಕಳ ಮೇಲೆ ರೇಗಿ, ಆಮೇಲೆ ಬಚ್ಚಲಲ್ಲಿ ನಿಂತು ಅಳುವುದು. ತಮ್ಮ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮರೆಯುವುದು ಅಥವಾ ದುಡ್ಡಿಲ್ಲವೆಂದು ಬಿಡುವುದು. ಮನೆಯ ಮಕ್ಕಳ ಕಡೆಗೂ ಕಣ್ಣಿರಬೇಕು. ಅಪ್ಪ ಯಾಕೆ ಹೀಗಾದ ಎಂದು ಅವರಿಗೆ ಯಾರೂ ವಿವರಿಸಿರುವುದಿಲ್ಲ. ತಾನು ಗಲಾಟೆ ಮಾಡಿದ್ದಕ್ಕೇ ಅಪ್ಪನಿಗೆ ಸಿಟ್ಟು ಎಂದು ಎಂಟು ವರ್ಷದ ಮಗು ಅಂದುಕೊಂಡಿರಬಹುದು.

ಹೊರೆ ಹಂಚಿಕೊಂಡರೆ ದೀರ್ಘಕಾಲದ ಆರೈಕೆ ಹೇಗಿರಬಲ್ಲದು ಎಂಬುದಕ್ಕೆ ದೇಶದಲ್ಲೇ ದೊಡ್ಡ ನಿದರ್ಶನವೊಂದಿದೆ. ಉತ್ತರ ಕನ್ನಡದ ಹಳದೀಪುರದಲ್ಲಿ ಹುಟ್ಟಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ್ 1973ರ ನವೆಂಬರ್‌ನಲ್ಲಿ ಅಲ್ಲೇ ನಡೆದ ಅಮಾನುಷ ಹಲ್ಲೆಗೆ ಒಳಗಾದರು. ಕುತ್ತಿಗೆ ಬಿಗಿದಿದ್ದರಿಂದ ಮಿದುಳಿಗೆ ಆಮ್ಲಜನಕ ಹೋಗದೆ ತೀವ್ರ ಹಾನಿಯಾಯಿತು. ಅಂದಿನಿಂದ 2015ರ ಮೇ 18ರಂದು ಕೊನೆಯುಸಿರೆಳೆಯುವವರೆಗೆ, ನಾಲ್ಕು ದಶಕಕ್ಕೂ ಮೀರಿ, ಅವರನ್ನು ನೋಡಿಕೊಂಡವರು ಆ ಆಸ್ಪತ್ರೆಯ ದಾದಿಯರು. ಹಿರಿಯರು ನಿವೃತ್ತರಾದಂತೆ ಕಿರಿಯರು ಆ ಹೊಣೆ ಹೊತ್ತರು. ಅಷ್ಟು ವರ್ಷ ಹಾಸಿಗೆ ಹಿಡಿದಿದ್ದರೂ ಅವರಿಗೆ ಹಾಸಿಗೆಹುಣ್ಣು ಆಗಿರಲಿಲ್ಲ. ದಯಾಮರಣದ ಅರ್ಜಿ ಕುರಿತ 2011ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಅರುಣಾ ಅವರ ಪರವಾಗಿ ಮಾತನಾಡುವ ಹಕ್ಕುಳ್ಳ ಆಪ್ತರು ಕೆಇಎಂ ಸಿಬ್ಬಂದಿಯೇ ಎಂದು ಹೇಳಿತು. ಆ ದಾದಿಯರ ಪ್ರೀತಿ ದೊಡ್ಡದು. ಅದು ಬತ್ತದೆ ಉಳಿಯಲು ಅವರ ಕೆಲಸದ ಏರ್ಪಾಡೂ ಕಾರಣ. ಪಾಳಿ ಮುಗಿದರೆ ಮನೆಗೆ ಹೋಗಿ ಮಲಗಬಹುದಿತ್ತು, ರಜೆಯಿತ್ತು, ಸಂಬಳವಿತ್ತು, ಕಷ್ಟ ಹೇಳಿಕೊಳ್ಳಲು ಅದೇ ಕೆಲಸ ಬಲ್ಲ ಗೆಳತಿಯರಿದ್ದರು. ಮನೆಯಲ್ಲಿ ಒಬ್ಬಳೇ ನೋಡಿಕೊಳ್ಳುವ ಹೆಂಡತಿಗೆ ಇವುಗಳಲ್ಲಿ ಒಂದೂ ಇಲ್ಲ. ಅವಳು ಸೋತರೆ ಅದನ್ನು ಪ್ರೀತಿಯ ಕೊರತೆ ಎನ್ನುವುದು ಅನ್ಯಾಯ.

ಪಶ್ಚಿಮದ ದೇಶಗಳಲ್ಲಿ ಆಸರೆಯ ಈ ಕೊರತೆಗೆ ಮೊದಲು ಮೈಕೊಡವಿ ಎದ್ದವರು ಮನೆಯವರೇ. ಬ್ರಿಟನ್ನಿನಲ್ಲಿ 1979ರಲ್ಲಿ ಹೆಡ್‌ವೇ ಸಂಸ್ಥೆ ಹುಟ್ಟಿತು. ಇಂದು ಅದರ ಸ್ಥಳೀಯ ಗುಂಪುಗಳು ಹಲವು ಊರುಗಳಲ್ಲಿವೆ. ಅಮೆರಿಕದಲ್ಲಿ ಮಗಳು ಕಾರು ಅಪಘಾತದಲ್ಲಿ ಗಾಯಗೊಂಡ ಮೇಲೆ ಎಲ್ಲೂ ಆಸರೆ ಕಾಣದ ತಾಯಿ ಮರ್ಲಿನ್ ಪ್ರೈಸ್ ಸ್ಪಿವಾಕ್ 1980ರಲ್ಲಿ ಕಟ್ಟಿದ ಪ್ರತಿಷ್ಠಾನವೇ ಇಂದಿನ ಬ್ರೈನ್ ಇಂಜುರಿ ಅಸೋಸಿಯೇಷನ್ ಆಫ್ ಅಮೆರಿಕ.

ಯಾವ ಬಗೆಯ ನೆರವು ನಿಜಕ್ಕೂ ಕೆಲಸ ಮಾಡುತ್ತದೆ? ಮೊದಲನೆಯದು ತಿಳಿವಳಿಕೆ. ಗಂಡನ ಸಿಟ್ಟು ಗಾಯದಿಂದ ಬಂದದ್ದು, ತನ್ನ ಮೇಲಿನ ದ್ವೇಷದಿಂದಲ್ಲ ಎಂದು ಗೊತ್ತಾದಾಗ ಬೈಗುಳ ಅದೇ ಇದ್ದರೂ ಅದರ ಗಾಯ ಕಡಿಮೆಯಾಗುತ್ತದೆ. ವರ್ಜೀನಿಯದಲ್ಲಿ ಜೆಫ್ರಿ ಕ್ರೂಟ್ಸರ್ ರೂಪಿಸಿದ ಕುಟುಂಬ ಕಾರ್ಯಕ್ರಮದಲ್ಲಿ ಗಾಯಾಳು ಮತ್ತು ಮನೆಯವರು ಒಟ್ಟಿಗೆ ಕೂತು, ಎರಡೆರಡು ಗಂಟೆಯ ಐದು ಭೇಟಿಗಳಲ್ಲಿ, ಬದಲಾವಣೆಗಳನ್ನು ಒಪ್ಪಿಕೊಳ್ಳುವುದು, ಒತ್ತಡ ನಿಭಾಯಿಸುವುದು, ನೆರವು ಕೇಳುವುದು ಇವನ್ನೆಲ್ಲ ಕಲಿಯುತ್ತಾರೆ. ಎರಡನೆಯದು ಸಮಸ್ಯೆ ಬಿಡಿಸುವ ತರಬೇತಿ. ‘ಬದುಕೇ ಸಾಕಾಗಿದೆ’ ಎಂಬ ದೊಡ್ಡ ಗಂಟನ್ನು ‘ಸ್ನಾನ ಮಾಡಿಸುವಾಗ ಹೊಡೆಯುತ್ತಾರೆ’ ಎಂಬಂಥ ಸಣ್ಣ ಎಳೆಗಳಾಗಿ ಬಿಡಿಸಿ, ಒಂದೊಂದಕ್ಕೆ ಉಪಾಯ ಹುಡುಕಿ, ಮಾಡಿ ನೋಡಿ, ಸರಿಹೋಗದಿದ್ದರೆ ಬದಲಿಸುವ ಕ್ರಮ ಇದು. ಪೆಟ್ರೀಷಿಯಾ ರಿವೆರಾ, ತಿಮೊತಿ ಎಲಿಯಟ್ ಮೊದಲಾದವರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಈ ತರಬೇತಿ ಪಡೆದವರ ಖಿನ್ನತೆ ಮತ್ತು ದೇಹದ ದೂರುಗಳು ಇಳಿದವು. ಆದರೆ ಹೊರೆಯ ಭಾವನೆ ಇಳಿಯಲಿಲ್ಲ. ಈ ಎರಡನೇ ಫಲಿತಾಂಶವನ್ನು ಮರೆಯಬಾರದು. ಆಪ್ತಸಲಹೆಯಿಂದ ಮನಸ್ಸು ಗಟ್ಟಿಯಾಗಬಹುದು, ಹೊರೆ ಇಳಿಯಬೇಕಾದರೆ ಅದನ್ನು ಹೊರಲು ಇನ್ನೊಬ್ಬರು ಬರಬೇಕು.

ದಿನನಿತ್ಯದಲ್ಲಿ ನೆರವಾಗುವ ಉಪಾಯಗಳು ಸರಳ. ಊಟ, ಸ್ನಾನ, ನಡಿಗೆ ದಿನವೂ ಒಂದೇ ಹೊತ್ತಿಗೆ ಆದರೆ ಗಾಯಾಳುವಿನ ಗೊಂದಲ ತಗ್ಗುತ್ತದೆ. ಒಂದು ಸಲಕ್ಕೆ ಒಂದೇ ಮಾತು ಹೇಳಬೇಕು. ಟಿವಿ ಗದ್ದಲ, ನಾಲ್ಕೈದು ಜನರ ಮಾತು ಒಟ್ಟಿಗೆ ಕಿವಿಗೆ ಬಿದ್ದರೆ ಗಾಯಗೊಂಡ ಮಿದುಳು ಬೇಗ ದಣಿದು ಸಿಟ್ಟಾಗಿ ಒಡೆಯುತ್ತದೆ. ಸಿಟ್ಟು ಏರಿದಾಗ ವಾದ ಮಾಡದೆ, ಅಪಾಯವಿಲ್ಲವೆಂದು ನೋಡಿಕೊಂಡು, ಕೋಣೆಯಿಂದ ಹೊರಗೆ ಬರುವುದು ಸೋಲಲ್ಲ. ಯಾವ ಹೊತ್ತಿಗೆ, ಯಾವುದರ ಹಿಂದೆ ರೇಗಾಟ ಬರುತ್ತದೆ ಎಂದು ವಾರವೆರಡು ವಾರ ಬರೆದಿಟ್ಟರೆ ಜಾಡು ಸಿಗುತ್ತದೆ, ವೈದ್ಯರಿಗೆ ತೋರಿಸಿದರೆ ಔಷಧದ ನಿರ್ಧಾರಕ್ಕೂ ಅನುಕೂಲ. ಹೊಡೆತ ನಿಲ್ಲದಿದ್ದರೆ ಅದನ್ನು ಸಹಿಸಿಕೊಂಡು ಕೂರಬೇಕಾಗಿಲ್ಲ. ಗಾಯ ಕಾರಣವಾಗಿದ್ದರೂ ಆರೈಕೆ ಮಾಡುವವರ ಮೈಮೇಲಿನ ಪೆಟ್ಟು ಪೆಟ್ಟೇ.

ರೋಗಿಯ ಮನೆಯವರನ್ನು ಚಿಕಿತ್ಸೆಯೊಳಗೆ ಸೇರಿಸಿಕೊಳ್ಳುವ ಪದ್ಧತಿ ಭಾರತಕ್ಕೆ ಹೊಸದಲ್ಲ. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ 1950ರ ದಶಕದಲ್ಲೇ ಆವರಣದೊಳಗೆ ಡೇರೆ ಹಾಕಿಸಿ ಬಂಧುಗಳನ್ನು ರೋಗಿಗಳ ಜೊತೆ ಇರಿಸಿದ್ದರು. ವೆಲ್ಲೂರಿನಲ್ಲೂ ಆ ದಾರಿ ಬೆಳೆಯಿತು. ನಿಮ್ಹಾನ್ಸ್‌ನ ಕೌಟುಂಬಿಕ ಮನೋವೈದ್ಯ ಕೇಂದ್ರದಲ್ಲಿ ಇಡೀ ಕುಟುಂಬ ದಾಖಲಾಗಿ ಚಿಕಿತ್ಸೆ ಪಡೆಯುತ್ತದೆ. ಅಲ್ಲಿನ ನರ ಪುನರ್ವಸತಿ ವಿಭಾಗ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ ವಿಭಾಗಗಳು ಗಾಯಾಳುವಿನೊಡನೆ ಮನೆಯವರನ್ನೂ ಮಾತನಾಡಿಸುತ್ತವೆ. ಆದರೆ ಬೀದರ್‌ನಿಂದಲೋ ರಾಯಚೂರಿನಿಂದಲೋ ಪ್ರತಿ ತಿಂಗಳು ಬೆಂಗಳೂರಿಗೆ ಬರುವುದು ಆಗದ ಮಾತು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ 1980ರ ದಶಕದಲ್ಲಿ ರೂಪುಗೊಂಡದ್ದು ಬಳ್ಳಾರಿಯಲ್ಲಿ. ಈಗ ಕರ್ನಾಟಕದ ಎಲ್ಲ ಜಿಲ್ಲೆಗಳಲ್ಲೂ ಅದಿದೆ, ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ಅಲ್ಲಿಗೆ ಹೋಗಬೇಕಾದವರು ಗಾಯಾಳು ಮಾತ್ರವಲ್ಲ, ನೋಡಿಕೊಳ್ಳುವವರೂ ತಮ್ಮ ಹೆಸರಿನಲ್ಲೇ ಚೀಟಿ ಮಾಡಿಸಬಹುದು.

ಕಾನೂನಿನ ಆಸರೆ ಅರೆಬರೆ. ಅಂಗವಿಕಲರ ಹಕ್ಕುಗಳ ಅಧಿನಿಯಮ, 2016 ಆರೈಕೆದಾರರು ಯಾರೆಂದು ವಿವರಿಸುತ್ತದೆ, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ನೀಡುವ ಯೋಜನೆಯ ಮಾತನ್ನೂ ಆಡುತ್ತದೆ. ಆದರೆ ಅದರ 21 ಬಗೆಯ ಅಂಗವೈಕಲ್ಯಗಳ ಪಟ್ಟಿಯಲ್ಲಿ ಮಿದುಳು ಗಾಯಕ್ಕೆ ಪ್ರತ್ಯೇಕ ಸ್ಥಾನವಿಲ್ಲ. ಕೈಕಾಲಿನ ಊನ ಇದ್ದವರಿಗೆ ಪ್ರಮಾಣಪತ್ರ ಸುಲಭ. ನೆನಪು ಮತ್ತು ಸ್ವಭಾವ ಮಾತ್ರ ಕೆಟ್ಟವರು ಯಾವ ಹೆಸರಿನಡಿ ಬರಬೇಕು ಎಂಬುದಕ್ಕೇ ಮನೆಯವರು ಅಲೆಯಬೇಕಾಗುತ್ತದೆ. ತಾಲ್ಲೂಕು ಪಂಚಾಯಿತಿಯಲ್ಲಿರುವ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ವಿಷಯದಲ್ಲಿ ನೆರವಾಗುತ್ತಾರೆ. ಕೋಮಾದಲ್ಲಿರುವ ಗಂಡನ ಖಾತೆಯಿಂದ ಆಸ್ಪತ್ರೆಯ ಖರ್ಚಿಗೆ ಹಣ ತೆಗೆಯಲೂ ಹೆಂಡತಿ ಹೈಕೋರ್ಟಿಗೆ ಹೋಗಬೇಕಾದ ಸ್ಥಿತಿಯಿದೆ. ಅಂಥವರಿಗೆ ಪಾಲಕರನ್ನು ನೇಮಿಸುವ ಬಗ್ಗೆ ಕೇರಳ ಹೈಕೋರ್ಟ್ 2019ರಲ್ಲಿ ಮಾರ್ಗಸೂಚಿ ರಚಿಸಿತು, ಕಾರಣ ದೇಶದಲ್ಲಿ ಅದಕ್ಕೆಂದೇ ಕಾನೂನು ಇರಲಿಲ್ಲ. ಇಂಗ್ಲೆಂಡಿನಲ್ಲಿ 2014ರ ಆರೈಕೆ ಕಾಯ್ದೆ, ನೋಡಿಕೊಳ್ಳುವವರ ಅಗತ್ಯಗಳನ್ನು ಪ್ರತ್ಯೇಕವಾಗಿ ಪರಿಶೀಲಿಸುವ ಹೊಣೆಯನ್ನು ಸ್ಥಳೀಯ ಆಡಳಿತಕ್ಕೆ ಒಪ್ಪಿಸಿದೆ. ಅಮೆರಿಕದ 2010ರ ಕಾಯ್ದೆ ತೀವ್ರವಾಗಿ ಗಾಯಗೊಂಡ ಮಾಜಿ ಸೈನಿಕರನ್ನು ನೋಡಿಕೊಳ್ಳುವ ಬಂಧುಗಳಿಗೆ ಮಾಸಿಕ ಭತ್ಯೆ, ಆಪ್ತಸಲಹೆ ಮತ್ತು ವರ್ಷಕ್ಕೆ ಕನಿಷ್ಠ 30 ದಿನ ಬದಲಿ ಆರೈಕೆ ಒದಗಿಸಿತು. ಭಾರತಕ್ಕೆ ತುರ್ತಾಗಿ ಬೇಕಿರುವುದು ಈ ಕೊನೆಯದು. ಆಯುಷ್ಮಾನ್ ಭಾರತ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಕೊಡುತ್ತದೆ, ಆದರೆ ಆಸ್ಪತ್ರೆಯ ಒಳಗಿನ ಚಿಕಿತ್ಸೆಗೆ. ಮನೆಯಲ್ಲಿ ಒಂದು ವಾರ ಬಿಡುವು ಕೊಡಿಸುವ ಯೋಜನೆ ಅದರಲ್ಲಿಲ್ಲ.

ನೆಂಟರು, ನೆರೆಯವರು ಸರ್ಕಾರಕ್ಕೆ ಕಾಯಬೇಕಿಲ್ಲ. ಹಣ್ಣು ಹಿಡಿದು ನೋಡಲು ಹೋಗುವುದರ ಬದಲು, ಭಾನುವಾರ ಮಧ್ಯಾಹ್ನ ಮೂರು ಗಂಟೆ ತಾವು ಗಾಯಾಳುವಿನ ಬಳಿ ಕೂತು ಆ ಹೆಣ್ಣುಮಗಳನ್ನು ಮಲಗಲೋ ದೇವಸ್ಥಾನಕ್ಕೋ ತವರಿಗೋ ಕಳಿಸಬಹುದು. ಅಪಘಾತವಾಗಿ ಮೂರು ವರ್ಷ, ಐದು ವರ್ಷ ಕಳೆದ ಮನೆಗೆ ಇದು ಹೆಚ್ಚು ಬೇಕು.

ದೂರದ ಊರಿನವರಿಗೆ ಫೋನಿನ ಮೂಲಕವೂ ಆಸರೆ ಒದಗಿಸಬಹುದು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಗಾಯಾಳುಗಳ ಆರೈಕೆದಾರರಿಗೆ ಎರಡು ವಾರಕ್ಕೊಮ್ಮೆ ಕರೆ ಮಾಡಿ ಮಾರ್ಗದರ್ಶನ ಕೊಟ್ಟ ಪ್ರಯೋಗದಲ್ಲಿ ಅವರು ಮಾನಸಿಕವಾಗಿ ಚೇತರಿಸಿಕೊಂಡದ್ದು ಕಂಡುಬಂದಿದೆ. ಭಾರತದಲ್ಲಿ 2022ರ ಅಕ್ಟೋಬರ್ 10ರಂದು ಆರಂಭವಾದ, ನಿಮ್ಹಾನ್ಸ್ ಮುಂದಾಳತ್ವದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೂ ಮಾತನಾಡಬಹುದು. ಕರೆ ಮಾಡಲು ರೋಗಿಯೇ ಆಗಿರಬೇಕೆಂದಿಲ್ಲ. ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ ಊಟ ಕೆಟ್ಟಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ಆರೈಕೆದಾರರು ತಮಗಾಗಿಯೇ ಕರೆ ಮಾಡಬೇಕು. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯುವುದೂ ಬೇಡ, ಅದೇ ಗಳಿಗೆಯಲ್ಲಿ ಮಾಡಬೇಕು.